ಕಡವೆಯೋ, ಸಾರಗವೋ, ಕಾಡುಕುರಿಯೋ? ತಾಳವಾಡಿ ಸೀಮೆಯಲ್ಲಿ ಗುರುತು ಹಿಡಿಯುವ ಬಗೆ

ಚಾಮರಾಜನಗರ ದಾಟಿ ಹಾಸನೂರು, ದಿಂಬಂ ಮೇಲೆ ಸತ್ಯಮಂಗಲಕ್ಕೆ ಇಳಿಯುವವರು ಆಗಾಗ ಒಂದು ಮಾತು ಹೇಳುತ್ತಾರೆ: "ರಸ್ತೆ ಪಕ್ಕ ಕೆಂಪು ಜಿಂಕೆ ನೋಡಿದೆವು." ಮೊಬೈಲಿನಲ್ಲಿ ತೆಗೆದ ಮಸುಕು ಫೋಟೋ ತೋರಿಸುತ್ತಾರೆ. ಕೆಲವು ಸಲ ಅದು ಕಾಡುಕುರಿ. ಕೆಲವು ಸಲ ಇಳಿಬಿಸಿಲು ಮೈಮೇಲೆ ಬಿದ್ದ ಹೆಣ್ಣು ಕಡವೆ. ಬಹಳ ಸಲ ಚುಕ್ಕೆ ಕಾಣದಷ್ಟು ದೂರದಲ್ಲಿ ನಿಂತ ಸಾರಗ. ಬಣ್ಣ ನೋಡಿ ಹೆಸರು ಹೇಳಲು ಹೋದರೆ ಹೀಗೇ ಆಗುತ್ತದೆ. ಈ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೂ ಈ ಗೊಂದಲ ತಪ್ಪಿದ್ದಲ್ಲ, ಹೊಸಬರಿಗಂತೂ ಕೇಳುವುದೇ ಬೇಡ. ಅದಕ್ಕೇ ಈ ಬರಹ.

ಕೆಂಪು ಜಿಂಕೆ ಎಂಬ ಹೆಸರಿನ ಪ್ರಾಣಿ ಬೇರೆಯೇ ಇದೆ. ಅದು ಯುರೋಪ್ ಮತ್ತು ಪಶ್ಚಿಮ ಏಷ್ಯಾದ್ದು. ಬೇಸಿಗೆಯಲ್ಲಿ ಅದರ ಮೈ ಕೆಂಗಂದು, ಚಳಿಗಾಲದಲ್ಲಿ ಬೂದುಗಂದು. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಗಂಡುಗಳು ಗರ್ಜಿಸುತ್ತಾ ಹೆಣ್ಣುಗಳ ಹಿಂಡನ್ನು ಕಾಯುತ್ತವೆ. ಟಿವಿಯಲ್ಲಿ ಮಂಜಿನ ನಡುವೆ ಮುಖ ಎತ್ತಿ ಕೂಗುವುದನ್ನು ನೀವು ನೋಡಿರುವುದು ಅದನ್ನೇ. ನಮ್ಮ ದೇಶದಲ್ಲಿ ಅದರ ಹತ್ತಿರದ ಸಂಬಂಧಿ ಕಾಶ್ಮೀರದ ಹಂಗುಲ್. ಶ್ರೀನಗರದ ಪಕ್ಕದ ದಾಚಿಗಾಮ್ ರಾಷ್ಟ್ರೀಯ ಉದ್ಯಾನವೇ ಅದರ ಮುಖ್ಯ ನೆಲೆ. ದಕ್ಷಿಣದ ಯಾವ ಕಾಡಿನಲ್ಲೂ ಎರಡೂ ಇಲ್ಲ.

ಇಲ್ಲಿ ಇರುವುದು ಮೂರು ಜಿಂಕೆ: ಕಡವೆ, ಚುಕ್ಕೆ ಜಿಂಕೆ ಅಂದರೆ ಸಾರಗ, ಮತ್ತು ಕಾಡುಕುರಿ. ಇವುಗಳ ಜೊತೆಗೆ ಜಿಂಕೆಯಂತೆ ಕಂಡರೂ ಬೇರೆ ಕುಲಕ್ಕೆ ಸೇರಿದ ಕೊಂಡುಕುರಿ ಮತ್ತು ಕೃಷ್ಣಮೃಗ. ಐದನ್ನೂ ಬೇರ್ಪಡಿಸಲು ಕಲಿತರೆ ಸತ್ಯಮಂಗಲ, ಬಿಳಿಗಿರಿರಂಗನ ಬೆಟ್ಟ, ಮುದುಮಲೆ ಎಲ್ಲಿ ಹೋದರೂ ಸಾಕಾಗುತ್ತದೆ.

ಮೊದಲ ಹೆಜ್ಜೆ: ಎಲ್ಲಿದ್ದೀರಿ, ಎಷ್ಟು ಹೊತ್ತಾಗಿದೆ

ಪ್ರಾಣಿ ಕಾಣುವ ಮೊದಲೇ ಅರ್ಧ ಉತ್ತರ ನೆಲ ಹೇಳುತ್ತದೆ. ತಾಳವಾಡಿ ಮೈದಾನದ ಸುತ್ತ ಒಣ ಎಲೆಯುದುರುವ ಕಾಡು. ಮತ್ತಿ, ದಿಂಡಿಗ, ಹೊನ್ನೆ, ನೆಲ್ಲಿ, ಬಿದಿರು. ಅದರ ನಡುವೆ ಹುಲ್ಲಿನ ಬಯಲು, ಕೆರೆಯಂಗಳ, ಹಳ್ಳದ ದಂಡೆ ಇರುವ ಕಡೆ ಸಾರಗ. ಬಯಲೂ ಬೇಕು, ಓಡಿ ನುಗ್ಗಲು ಪಕ್ಕದಲ್ಲಿ ಮರವೂ ಬೇಕು, ನೀರು ದೂರವಿರಬಾರದು. ಕಡಿದಾದ ಬೆಟ್ಟದ ಮೈ ಅದಕ್ಕೆ ಒಗ್ಗುವುದಿಲ್ಲ.

ದಿಂಬಂ, ಗೇರ್ಮಾಳದ ಕಡೆ ಏರು ಶುರುವಾಗುತ್ತಿದ್ದಂತೆ ಲೆಕ್ಕ ಬದಲಾಗುತ್ತದೆ. ಇಳಿಜಾರು, ಪೊದೆ, ಹಸಿ ಹಳ್ಳ ಬಂದರೆ ಕಡವೆ ಮತ್ತು ಕಾಡುಕುರಿಯ ಜಾಗ. ಕಡವೆ ಬಯಲಿಗೂ ಇಳಿಯುತ್ತದೆ, ಆದರೆ ಹಗಲು ಮಲಗುವುದು ಮರೆಯಲ್ಲೇ. ಘಾಟಿಯ ಕೆಳಗೆ ಮೋಯಾರ್ ಹೊಳೆಯ ಕಣಿವೆ ಬಿಸಿಲು ನೆಲ, ಮುಳ್ಳು ಕುರುಚಲು. ಕೃಷ್ಣಮೃಗ ಇರುವುದು ಅಲ್ಲಿ. ತಾಳವಾಡಿ ಹೊಲದಲ್ಲಿ ಕೃಷ್ಣಮೃಗ ಕಂಡೆ ಎಂದು ಯಾರಾದರೂ ಹೇಳಿದರೆ ಇನ್ನೊಮ್ಮೆ ವಿಚಾರಿಸುವುದು ಒಳ್ಳೆಯದು.

ಹೊತ್ತು ನೋಡಿ. ಬೆಳಗಿನ ಎಂಟು ಗಂಟೆಯ ನಂತರವೂ ಬಯಲಲ್ಲಿ ನಿರಾಳವಾಗಿ ಮೇಯುತ್ತಿರುವ ಹಿಂಡು ಬಹುಮಟ್ಟಿಗೆ ಸಾರಗದ್ದು. ಕಡವೆಯದು ಮುಖ್ಯವಾಗಿ ರಾತ್ರಿಯ ಬದುಕು. ಕತ್ತಲಿಳಿಯುವಾಗ ನೀರಿಗೆ ಬರುತ್ತದೆ, ಮುಂಜಾನೆ ಮಂಜು ಆರುವ ಮುಂಚೆ ಮರೆಗೆ ಹೋಗುತ್ತದೆ. ಕಾಡುಕುರಿ ಹಗಲಲ್ಲೂ ಓಡಾಡುತ್ತದೆ, ಆದರೆ ಒಂಟಿಯಾಗಿ ಮತ್ತು ಒಂದು ಕ್ಷಣ ಮಾತ್ರ ಕಾಣಿಸಿಕೊಳ್ಳುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸತ್ಯಮಂಗಲದ ಈ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶ. ಅನುಮತಿ ಇಲ್ಲದೆ ಒಳಗೆ ಕಾಲಿಡುವಂತಿಲ್ಲ. ಕಾಯ್ದೆ ಒತ್ತಟ್ಟಿಗಿರಲಿ, ಆನೆ ಇರುವ ಕಾಡು ಇದು. ಊರಂಚಿನ ರಸ್ತೆ, ಹೊಲದ ಅಟ್ಟಣೆ, ಬಸ್ಸಿನ ಕಿಟಕಿ, ಅರಣ್ಯ ಇಲಾಖೆಯ ವಾಹನ, ಇಷ್ಟರಲ್ಲೇ ಐದರಲ್ಲಿ ಮೂರನ್ನು ಚೆನ್ನಾಗಿ ನೋಡಬಹುದು.

ಎರಡನೆಯದು: ಎತ್ತರ, ಹಿಂಭಾಗ, ಕಿವಿ

ಕಂಡ ತಕ್ಷಣ ಕೊಂಬನ್ನು ಹುಡುಕಬೇಡಿ. ಹೆಣ್ಣುಗಳಿಗೆ ಕೊಂಬಿಲ್ಲ, ಜಿಂಕೆಗಳಲ್ಲಿ ಗಂಡುಗಳಿಗೂ ವರ್ಷವಿಡೀ ಇರುವುದಿಲ್ಲ. ಹೆಗಲಿನ ಎತ್ತರ ನೋಡಿ. ಪಕ್ಕದಲ್ಲಿ ಒಬ್ಬ ಆಳು ನಿಂತಿದ್ದಾನೆ ಎಂದುಕೊಳ್ಳಿ: ಬಲಿತ ಗಂಡು ಕಡವೆಯ ಹೆಗಲು ಅವನ ಎದೆಮಟ್ಟಕ್ಕೆ ಬರುತ್ತದೆ, ಸಾರಗ ಸೊಂಟದ ಮಟ್ಟಕ್ಕೆ, ಕಾಡುಕುರಿ ಮೊಣಕಾಲಿಗಿಂತ ತುಸು ಮೇಲೆ. ಇದೊಂದೇ ಅಳತೆ ಬಹಳಷ್ಟು ಗೊಂದಲ ಬಗೆಹರಿಸುತ್ತದೆ.

ಕಡವೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ನಮ್ಮ ಕಾಡಿನ ಅತಿ ದೊಡ್ಡ ಜಿಂಕೆ ಅದು. ಬಲಿತ ಗಂಡು 225ರಿಂದ 320 ಕಿಲೋ ತೂಗುತ್ತದೆ. ಇಷ್ಟು ದೊಡ್ಡ ಮೈ ಇದ್ದೂ ಮರೆಯಾಗಿ ನಿಲ್ಲುವುದರಲ್ಲಿ ಅದನ್ನು ಮೀರಿಸಿದವರಿಲ್ಲ. ಒರಟು ಕೂದಲಿನ ಕಂದು ಮೈ, ಗಂಡಿನ ಕುತ್ತಿಗೆಯಲ್ಲಿ ಕೇಸರ, ಅಗಲವಾದ ದುಂಡನೆಯ ಕಿವಿ. ಬಾಲದ ಮೇಲ್ಭಾಗ ಕಪ್ಪು, ಅಡಿ ಬಿಳಿ. ಮರಿಗಳಲ್ಲಿ ಸಾರಗದಂತೆ ಎದ್ದು ಕಾಣುವ ಚುಕ್ಕೆಗಳಿಲ್ಲ. ಹೆಣ್ಣು, ಅದರ ಈ ವರ್ಷದ ಮರಿ, ಹೋದ ವರ್ಷದ ಮರಿ, ಹೀಗೆ ಎರಡು ಮೂರರ ಸಣ್ಣ ಗುಂಪು; ಗಂಡು ಬೆದೆಯ ಕಾಲ ಬಿಟ್ಟರೆ ಒಂಟಿ. ದೊಡ್ಡ ಹಿಂಡು ಕಂಡರೆ ಅದು ಕಡವೆಯಲ್ಲ ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು.

ಕಡವೆಯ ಗಂಟಲಿನ ಕೆಳಗೆ, ಕುತ್ತಿಗೆಯ ಮುಂಭಾಗದಲ್ಲಿ, ಒಂದೊಂದು ಸಲ ಕೂದಲುದುರಿ ಹಸಿ ಗಾಯದಂತೆ ಕೆಂಪಗೆ ತೇವವಾಗಿರುವ ಜಾಗ ಕಾಣುತ್ತದೆ. ಗುಂಡೇಟು ಬಿದ್ದಿದೆ, ಉರುಳಿಗೆ ಸಿಕ್ಕಿ ತಪ್ಪಿಸಿಕೊಂಡಿದೆ ಎಂದು ಜನ ಮರುಗುತ್ತಾರೆ. ಅದು ಗಾಯವಲ್ಲ. ಗಂಡು ಹೆಣ್ಣು ಎರಡರಲ್ಲೂ ಕೆಲವು ಕಾಲ ಕಾಣಿಸಿಕೊಂಡು ಮತ್ತೆ ಕೂದಲು ಮುಚ್ಚಿಕೊಳ್ಳುತ್ತದೆ. ಸಾರಗದಲ್ಲಾಗಲಿ ಕಾಡುಕುರಿಯಲ್ಲಾಗಲಿ ಇದಿಲ್ಲ, ಆದ್ದರಿಂದ ಹತ್ತಿರದಿಂದ ನೋಡಲು ಸಿಕ್ಕರೆ ಇದೇ ಒಂದು ಗುರುತು.

ಕೆಸರಲ್ಲಿ ಹೊರಳುವುದು ಕಡವೆಗೆ ಪ್ರಿಯ. ಕೆರೆಯಂಚಿನಲ್ಲಿ ಮೈತುಂಬ ಕೆಸರು ಮೆತ್ತಿಕೊಂಡು ಕರ್ರಗೆ ನಿಂತದ್ದನ್ನು ಕಾಟಿಯ ಮರಿ ಎಂದುಕೊಂಡವರಿದ್ದಾರೆ. ನೀರಿಗೂ ಅದು ಹೆದರುವುದಿಲ್ಲ; ಸೀಳುನಾಯಿಗಳು ಅಟ್ಟಿಸಿಕೊಂಡು ಬಂದರೆ ಸೀದಾ ಕೆರೆಗಿಳಿದು ಹೊಟ್ಟೆಮಟ್ಟದ ನೀರಲ್ಲಿ ನಿಂತು ಎದುರಿಸುತ್ತದೆ.

ಸಾರಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಎಲ್ಲರಿಗೂ ಗೊತ್ತು. ಹುಟ್ಟಿದಾಗಿನಿಂದ ಸಾಯುವತನಕ ಚುಕ್ಕೆ ಅಳಿಯುವುದಿಲ್ಲ, ಬೆನ್ನಿನ ಉದ್ದಕ್ಕೂ ಕಪ್ಪು ಪಟ್ಟೆ, ಗಂಟಲಲ್ಲಿ ಬಿಳಿ. ಗಂಡು 70ರಿಂದ 90 ಕಿಲೋ. ಮುಸುವಗಳು ಮರದ ಮೇಲಿದ್ದರೆ ಕೆಳಗೆ ಸಾರಗ ಇರುವ ಸಂಭವ ಹೆಚ್ಚು: ಮೇಲಿಂದ ಉದುರುವ ಚಿಗುರು, ಹೂ, ಹಣ್ಣು ಇವಕ್ಕೆ ಸಿಗುತ್ತದೆ, ಮೇಲಿನವರ ಕಣ್ಣು, ಕೆಳಗಿನವರ ಮೂಗು ಎರಡೂ ಕಡೆಗೆ ಕಾವಲಾಗುತ್ತದೆ.

ಇನ್ನು ಕಾಡುಕುರಿ. ಹೆಸರು ಕುರಿ, ಆದರೆ ಅಪ್ಪಟ ಜಿಂಕೆ. ಇಲ್ಲಿ ನಿಜಕ್ಕೂ ಕೆಂಪು ಎನ್ನಬಹುದಾದ ಮೈಬಣ್ಣ ಇದ್ದರೆ ಇದರದೇ. ತೂಕ 20ರಿಂದ 28 ಕಿಲೋ. ಗಂಡಿನ ಕೊಂಬು ಗೇಣುದ್ದವೂ ಇಲ್ಲ, ಆದರೆ ಆ ಕೊಂಬು ಕೂದಲು ಹೊದ್ದ ಎರಡು ಉದ್ದ ಬುಡಗಳ ಮೇಲೆ ಕೂತಿರುತ್ತದೆ. ಆ ಬುಡಗಳು ಏಣುಗಳಾಗಿ ಹಣೆಯ ಮೇಲೆ ಇಳಿದು ಕಣ್ಣುಗಳ ನಡುವೆ ಹತ್ತಿರವಾಗುತ್ತವೆ. ಅವುಗಳ ಪಕ್ಕದಲ್ಲಿ ಕಪ್ಪು ಗೆರೆ. ಗಂಡಿನ ಮೇಲ್ದವಡೆಯಲ್ಲಿ ತುಟಿಯಾಚೆ ಇಣುಕುವ ಪುಟ್ಟ ಕೋರೆ. ಇನ್ನೊಂದು ಗಂಡಿನ ಜೊತೆ ಜಗಳವಾದಾಗ ಕೊಂಬಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಈ ಕೋರೆ. ಓಡುವಾಗ ತಲೆ ತಗ್ಗಿಸಿ, ಹಿಂಭಾಗ ಎತ್ತಿಕೊಂಡು ಪೊದೆಯೊಳಗೆ ನುಸುಳುತ್ತದೆ. ತಿರುಗಿ ನೋಡುವಷ್ಟರಲ್ಲಿ ಇರುವುದಿಲ್ಲ, ಆದ್ದರಿಂದ ಆ ಓಟದ ಭಂಗಿಯನ್ನೇ ನೆನಪಿಡಿ.

ಕೊಂಡುಕುರಿಯೂ ಅಷ್ಟೇ ಚಿಕ್ಕದು, ಸುಮಾರು 20 ಕಿಲೋ. ಕಾಡುಕುರಿಯ ಜೊತೆ ಗೊಂದಲವಾಗುವುದು ಇದೇ. ಮುಂಗಾಲುಗಳ ಮುಂಭಾಗದಲ್ಲಿ ಕಪ್ಪು ಪಟ್ಟೆ ಇದ್ದರೆ, ಬಣ್ಣ ಕೆಂಪಿಗಿಂತ ಮಣ್ಣುಗಂದಿಗೆ ಹತ್ತಿರವಿದ್ದರೆ ಕೊಂಡುಕುರಿ. ಗಂಡಿಗೆ ನಾಲ್ಕು ಕೊಂಬು: ಕಿವಿಗಳ ನಡುವೆ ಎರಡು ಉದ್ದ, ಹಣೆಯ ಮೇಲೆ ಎರಡು ಗಿಡ್ಡ. ಭಾರತ ಮತ್ತು ನೇಪಾಳ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಈ ಪ್ರಾಣಿ ಇಲ್ಲ. ಕಂಡವರು ಪುಣ್ಯವಂತರು.

ಕೊಂಬು ಏನು ಹೇಳುತ್ತದೆ

ಈಗ ಕೊಂಬಿಗೆ ಬನ್ನಿ. ಕಡವೆ, ಸಾರಗ, ಕಾಡುಕುರಿಯ ಕೊಂಬು ಮೂಳೆ. ಅದು ಉದುರುತ್ತದೆ, ಮತ್ತೆ ಬೆಳೆಯುತ್ತದೆ. ಬೆಳೆಯುವಾಗ ಮಖಮಲ್ಲಿನಂಥ ತೊಗಲು ಹೊದ್ದಿರುತ್ತದೆ, ಒಳಗೆ ರಕ್ತ ಹರಿಯುತ್ತಿರುತ್ತದೆ. ಬೆಳೆದು ಮುಗಿದ ಮೇಲೆ ತೊಗಲು ಒಣಗಿ ಸುಲಿಯುತ್ತದೆ. ಮರಕ್ಕೆ ಕೊಂಬು ಉಜ್ಜಿ ತೊಗಟೆ ಕಿತ್ತ ಗುರುತು ಆಗಲೇ ಮೂಡುವುದು. ಕೊಂಡುಕುರಿ, ಕೃಷ್ಣಮೃಗಗಳ ಕೊಂಬು ಮೂಳೆಯ ಮೇಲೆ ಉಗುರಿನ ವಸ್ತುವಿನ ಹೊದಿಕೆ. ಉದುರುವುದಿಲ್ಲ, ಕವಲೊಡೆಯುವುದೂ ಇಲ್ಲ.

ಕಡವೆಗೂ ಸಾರಗಕ್ಕೂ ಸಾಮಾನ್ಯವಾಗಿ ಒಂದೊಂದು ಕೊಂಬಿಗೆ ಮೂರು ಮೊನೆ. ಎಣಿಸಿದರೆ ಒಂದೇ ಲೆಕ್ಕ ಬರುವುದರಿಂದ ದಪ್ಪ ನೋಡಿ. ಕಡವೆಯದು ಒರಟು, ದಪ್ಪ, ಗಂಟುಗಂಟು. ಸಾರಗದ್ದು ಸಪೂರ, ಹಿಂದಕ್ಕೆ ಬಾಗಿ ಮೇಲೇರುವ ನಯವಾದ ಬಿಲ್ಲು. ಕಡವೆಯ ಬೆದೆ ಹೆಚ್ಚಾಗಿ ನವೆಂಬರ್, ಡಿಸೆಂಬರ್ ಆಸುಪಾಸು, ಆ ಹೊತ್ತಿಗೆ ಗಂಡುಗಳ ಕೊಂಬು ಗಟ್ಟಿಯಾಗಿರುತ್ತದೆ. ಸಾರಗಕ್ಕೆ ಅಂಥ ಒಂದೇ ಕಾಲವಿಲ್ಲ. ಒಂದೇ ಹಿಂಡಿನಲ್ಲಿ ಗಟ್ಟಿ ಕೊಂಬಿನದೂ ಮಖಮಲ್ಲಿನದೂ ಬೋಳು ತಲೆಯದೂ ಒಟ್ಟಿಗೆ ಸಿಗುತ್ತವೆ.

ಕಾಡಂಚಿನಲ್ಲಿ ಉದುರಿದ ಕೊಂಬು ಸಿಕ್ಕರೆ ಮನೆಗೆ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಂಬನ್ನು ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ. ಕಾಡಿಗೂ ಅದು ಬೇಕು: ಮುಳ್ಳುಹಂದಿ ಅದನ್ನು ಕಡಿದು ಕಡಿದು ತಿನ್ನುತ್ತದೆ, ಜಿಂಕೆಗಳೇ ಸುಣ್ಣದ ಅಂಶಕ್ಕಾಗಿ ಅಗಿಯುವುದುಂಟು. ಗೋಡೆಗೆ ಮೊಳೆ ಹೊಡೆದು ನೇತುಹಾಕುವುದಕ್ಕಿಂತ ಅದು ದೊಡ್ಡ ಉಪಯೋಗ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೂರನೆಯದು: ಕಣ್ಣು ಮುಚ್ಚಿ ಕೇಳಿ

ಈ ಬರಹದಲ್ಲಿ ಒಂದೇ ಒಂದು ಕಲಿಯುವುದಾದರೆ ಇದನ್ನು ಕಲಿಯಿರಿ. ಇಲ್ಲಿನ ಸೋಲಿಗರು, ಊರಾಳಿಗಳು ಕಾಡನ್ನು ತಿಳಿಯುವುದರಲ್ಲಿ ಕಣ್ಣಿನಷ್ಟೇ ಪಾಲು ಕಿವಿಯದು. ರಾತ್ರಿ ಹೊಲ ಕಾಯುವ ರೈತನಿಗೂ ಈ ವಿದ್ಯೆ ಬೇಕೇಬೇಕು.

ಸಾರಗದ ಎಚ್ಚರಿಕೆಯ ಕೂಗು ಚೂಪಾದ "ಕಂವ್, ಕಂವ್". ಒಂದು ಶುರುಮಾಡಿದರೆ ನಾಲ್ಕು ದನಿಗೂಡಿಸುತ್ತವೆ. ಅದನ್ನು ಕೇಳಿದ ಕೂಡಲೇ ಹುಲಿ ಬಂತು ಎಂದುಕೊಳ್ಳಬೇಕಿಲ್ಲ, ನಾಯಿಗೂ ಕೂಗುತ್ತದೆ, ನಿಮಗೂ ಕೂಗುತ್ತದೆ. ಕೂಗು ನಿಲ್ಲದೆ ಮುಂದುವರಿದರೆ, ಜೊತೆಗೆ ಮುಸುವ ಕೆಮ್ಮಿದಂತೆ "ಖಕ್" ಎಂದರೆ ಆಗ ಗಮನ ಕೊಡಿ. ಮುಸುವ ಎತ್ತರದಿಂದ ಕಣ್ಣಾರೆ ನೋಡಿ ಕೂಗುತ್ತದೆ.

ಕಡವೆ ಸುಮ್ಮಸುಮ್ಮನೆ ಕೂಗುವುದಿಲ್ಲ. ಅದು ಮೊದಲು ಮೈ ಬಿಗಿದು ನಿಲ್ಲುತ್ತದೆ, ಕಿವಿ ಎರಡೂ ಒಂದೇ ದಿಕ್ಕಿಗೆ ತಿರುಗುತ್ತವೆ, ಮುಂಗಾಲನ್ನು ನೆಲಕ್ಕೆ ಬಡಿಯುತ್ತದೆ, ಬಾಲ ಎತ್ತುತ್ತದೆ. ಆಮೇಲೆ ಒಮ್ಮೆಲೇ "ಧೋಂಕ್!" ಎದೆಗೆ ಗುದ್ದಿದಂತಾಗುವ ದನಿ, ಕಣಿವೆಯ ಆ ಬದಿಗೂ ಕೇಳುತ್ತದೆ. ಇದು ಬಂತೆಂದರೆ ಹುಲಿ, ಚಿರತೆ, ಇಲ್ಲವೇ ಸೀಳುನಾಯಿ ಹತ್ತಿರದಲ್ಲಿರುವ ಸಂಭವ ಬಹಳ ಹೆಚ್ಚು. ಹೊಂಚು ಹಾಕಿದ ಪ್ರಾಣಿಗೆ "ನಿನ್ನನ್ನು ಕಂಡೆ" ಎಂದು ತಿಳಿಸಿಬಿಟ್ಟರೆ ಅದರ ಬೇಟೆ ಅರ್ಧ ಕೆಟ್ಟಂತೆ. ಅಟ್ಟಣೆಯ ಮೇಲಿದ್ದರೆ ಕೆಳಗಿಳಿಯಬೇಡಿ. ಬೈಕಿನಲ್ಲಿದ್ದರೆ ನಿಲ್ಲಿಸಿ ನೋಡುವ ಆಸೆ ಬಿಟ್ಟು ಸದ್ದಿಲ್ಲದೆ ಮುಂದೆ ಹೋಗಿ.

ಕಾಡುಕುರಿ ಬೊಗಳುತ್ತದೆ. ಬೇರೆ ಮಾತೇ ಇಲ್ಲ, ನಾಯಿಯ ಬೊಗಳೇ. ಒಂದೊಂದು ಬೊಗಳಿಗೂ ನಡುವೆ ಕೆಲವು ಕ್ಷಣ ಬಿಡುವು, ಹೀಗೆ ಬಹಳ ಹೊತ್ತು ಎಳೆಯುತ್ತದೆ. ಊರೇ ಇಲ್ಲದ ಇಳಿಜಾರಿನಿಂದ ಒಂಟಿ ನಾಯಿಯ ಬೊಗಳು ಬರುತ್ತಿದ್ದರೆ ಅದು ಇವನೇ.

ನಾಲ್ಕನೆಯದು: ನೆಲ ಓದುವುದು

ಮಳೆ ಬಂದ ಮಾರನೆ ದಿನ ಹೊಲದ ಬದು, ಕೆರೆಯಂಚು, ಕಾಲುದಾರಿಯ ಕೆಸರು ನೋಡಿ. ಎರಡು ಸೀಳಿನ ಗೊರಸು ಎಲ್ಲಕ್ಕೂ ಒಂದೇ ಆದ್ದರಿಂದ ಅಳತೆ, ತುದಿ ಎರಡನ್ನೂ ಗಮನಿಸಬೇಕು. ಕಾಡುಕುರಿಯದು ಹೆಬ್ಬೆಟ್ಟಿನ ಮೇಲಿನ ಗೆಣ್ಣಿನಷ್ಟು ಉದ್ದ. ಸಾರಗದ್ದು ಅದಕ್ಕಿಂತ ದೊಡ್ಡದು, ತುದಿ ಚೂಪು. ನಮ್ಮ ಮೇಕೆಗಳ ಹೆಜ್ಜೆಯೂ ಸುಮಾರು ಅಷ್ಟೇ ಇರುತ್ತದೆ, ಆದರೆ ಅದರ ತುದಿ ಮೊಂಡು, ಸೀಳು ಅಗಲ. ಮೇಕೆ ಮೇಯುವ ಊರುಗಳಲ್ಲಿ ಈ ವ್ಯತ್ಯಾಸ ತಿಳಿಯದಿದ್ದರೆ ಎಲ್ಲವೂ ಜಿಂಕೆಯೇ ಆಗಿಬಿಡುತ್ತದೆ. ಕಡವೆಯದು ಉದ್ದ, ಭಾರಕ್ಕೆ ಆಳವಾಗಿ ಇಳಿದಿರುತ್ತದೆ. ದನದ ಗೊರಸಿನಷ್ಟು ದುಂಡಗಿರುವುದಿಲ್ಲ. ಹೆಜ್ಜೆಯ ಹಿಂದೆ ಅಗಲವಾಗಿ ಎರಡು ಚುಕ್ಕೆ ಒತ್ತಿದ್ದರೆ ಅದು ಬಹುಶಃ ಕಾಡುಹಂದಿ.

ಹಿಕ್ಕೆ ನೋಡುವುದಕ್ಕೆ ಹೇಸಿಗೆ ಬೇಡ. ಕಡವೆಯದು ದೊಡ್ಡದು, ಒಂದು ತುದಿ ಮೊನಚು, ಇನ್ನೊಂದು ತುದಿಯಲ್ಲಿ ಸಣ್ಣ ಗುಳಿ. ಒಂದೇ ಜಾಗದಲ್ಲಿ ಹಳೆಯದರ ಮೇಲೆ ಹೊಸದು ಬಿದ್ದು ಗುಡ್ಡೆಯಾಗಿದ್ದರೆ ಕೊಂಡುಕುರಿಯನ್ನು ನೆನೆಯಿರಿ, ಅದಕ್ಕೆ ಅದೇ ಜಾಗಕ್ಕೆ ಮತ್ತೆ ಮತ್ತೆ ಬರುವ ಅಭ್ಯಾಸ.

ನನಗೆ ಎಲ್ಲಕ್ಕಿಂತ ಇಷ್ಟದ ಗುರುತು ಬೇರೆ. ನೆಲ್ಲಿಕಾಯಿಯ ಕಾಲ ಬಂದಾಗ ಜಿಂಕೆಗಳು ಮರದಡಿ ಉದುರಿದ ಕಾಯಿಗಳನ್ನು ಇಡಿಯಾಗಿ ನುಂಗುತ್ತವೆ. ಆಮೇಲೆ ನೆರಳಲ್ಲಿ ಮಲಗಿ ಮೆಲುಕು ಹಾಕುವಾಗ ಗಟ್ಟಿ ಬೀಜವನ್ನು ಉಗುಳುತ್ತವೆ. ನೆಲ್ಲಿಮರವೇ ಇಲ್ಲದ ಪೊದೆಯ ನೆರಳಲ್ಲಿ, ಹುಲ್ಲು ಚಪ್ಪಟೆಯಾದ ಜಾಗದಲ್ಲಿ, ತಿರುಳಿಲ್ಲದ ಬೀಜಗಳು ಒಂದೇ ಕಡೆ ಚೆಲ್ಲಿದ್ದರೆ ಅಲ್ಲಿ ಜಿಂಕೆ ಮಲಗಿ ಎದ್ದಿದೆ. ಮುಂದಿನ ಮಳೆಗೆ ಅಲ್ಲಿ ನೆಲ್ಲಿ ಸಸಿ ಏಳಬಹುದು. ನಾವು ಉಪ್ಪಿನಕಾಯಿಗೆ ಆರಿಸಿ ತರುವ ಕಾಯಿಗೆ ಇಂಥ ಒಬ್ಬ ಪಾಲುದಾರ ಕಾಡಿನಲ್ಲಿದ್ದಾನೆ. ಮರದಡಿ ಬಿದ್ದದ್ದನ್ನೆಲ್ಲ ಗುಡಿಸಿ ತರದಿರುವುದು ನ್ಯಾಯ.

ಹೇಗೆ ನಿಲ್ಲಬೇಕು

ಗಾಳಿ ನಿಮ್ಮ ಕಡೆಯಿಂದ ಪ್ರಾಣಿಯ ಕಡೆಗೆ ಬೀಸುತ್ತಿದ್ದರೆ ಮಿಕ್ಕ ಎಚ್ಚರಿಕೆಗಳೆಲ್ಲ ವ್ಯರ್ಥ. ಒಂದು ಚಿಟಿಕೆ ಒಣ ಮಣ್ಣು ಮೇಲಿಂದ ಬಿಟ್ಟು ಯಾವ ಕಡೆ ಹೋಗುತ್ತದೆ ನೋಡಿ, ಅದಕ್ಕೆ ತಕ್ಕಂತೆ ಜಾಗ ಬದಲಿಸಿ. ಸೆಂಟು ಬೇಡ. ಜಿಂಕೆಗೆ ಕೆಂಪು ಬಣ್ಣ ನಮ್ಮ ಹಾಗೆ ಕಾಣುವುದಿಲ್ಲ, ಆದರೆ ನೀಲಿ ಚೆನ್ನಾಗಿ ಕಾಣುತ್ತದೆ; ಹಾಗಾಗಿ ಜೀನ್ಸ್‌ಗಿಂತ ಮಣ್ಣಿನ ಬಣ್ಣದ ಪ್ಯಾಂಟು ಮೇಲು. ಬಣ್ಣಕ್ಕಿಂತ ಅಲುಗಾಟವೇ ಹೆಚ್ಚು ಬಯಲು ಮಾಡುತ್ತದೆ. ಪ್ರಾಣಿ ತಲೆ ತಗ್ಗಿಸಿ ಮೇಯುವಾಗ ಮಾತ್ರ ಕೈ ಎತ್ತಿ, ತಲೆ ಎತ್ತಿದ ಕೂಡಲೇ ಹಾಗೇ ನಿಂತುಬಿಡಿ. ಮೇಯುವುದು ನಿಲ್ಲಿಸಿ ನಿಮ್ಮನ್ನೇ ನೋಡಲು ಶುರುಮಾಡಿದರೆ ನೀವು ತೀರ ಹತ್ತಿರ ಬಂದಿದ್ದೀರಿ ಎಂದರ್ಥ, ಹಿಂದೆ ಸರಿಯಿರಿ. ಫ್ಲ್ಯಾಶ್ ಬೇಡವೇ ಬೇಡ.

ದಿಂಬಂ ಘಾಟಿಯ 27 ತಿರುವುಗಳಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ, ಆದರೂ ಸಂಜೆಗತ್ತಲಲ್ಲಿ ಹೋಗಬೇಕಾಗುತ್ತದೆ. ಒಂದು ಸಾರಗ ಹಾರಿ ದಾಟಿತೆಂದರೆ ಹಿಂದೆ ಇನ್ನಷ್ಟಿವೆ ಎಂದೇ ತಿಳಿಯಿರಿ. ಹಾರ್ನ್ ಹೊಡೆದರೆ ಗಾಬರಿಯಾಗಿ ಚಕ್ರದಡಿಗೇ ನುಗ್ಗಬಹುದು. ವೇಗ ತಗ್ಗಿಸಿ, ದೀಪ ಡಿಮ್ ಮಾಡಿ, ಕಾಯಿರಿ. ಬಣ್ಣಾರಿ ಅಮ್ಮನ ಜಾತ್ರೆಗೆ ಹೋಗುವವರು ಚಿಪ್ಸ್ ಪ್ಯಾಕೆಟ್ಟುಗಳನ್ನು ಕಿಟಕಿಯಾಚೆ ಎಸೆಯದಿರಲಿ. ಜಿಂಕೆಗಳಿಗೆ ಉಪ್ಪಿನ ಹಂಬಲ ಬಹಳ, ಉಪ್ಪು ಮಣ್ಣನ್ನೇ ಹುಡುಕಿ ನೆಕ್ಕುವ ಪ್ರಾಣಿಗಳು. ಉಪ್ಪು ಅಂಟಿದ ಪ್ಲಾಸ್ಟಿಕ್ಕನ್ನು ನುಂಗಿದರೆ ಅದು ಹೊಟ್ಟೆಯಲ್ಲೇ ಉಳಿಯುತ್ತದೆ.

ಮರಿ ಒಂಟಿಯಾಗಿ ಸಿಕ್ಕರೆ

ಕೋಸಿನ ಹೊಲದ ಬದುವಿನಲ್ಲೋ ಕಬ್ಬಿನ ಸಾಲಿನಲ್ಲೋ ಪುಟ್ಟ ಮರಿಯೊಂದು ಮುದುಡಿ ಮಲಗಿರುತ್ತದೆ. ತಾಯಿ ಎಲ್ಲೂ ಕಾಣುವುದಿಲ್ಲ. ಮುಟ್ಟಿದರೂ ಏಳುವುದಿಲ್ಲ. ಅನಾಥ ಎಂದುಕೊಂಡು ಎತ್ತಿ ತರುತ್ತಾರೆ, ಸೀಸೆಯಲ್ಲಿ ಹಸುವಿನ ಹಾಲು ಕುಡಿಸುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ಆದರೆ ಬಹಳಷ್ಟು ಮರಿಗಳು ಬದುಕುವುದಿಲ್ಲ.

ಆ ಮರಿ ಅನಾಥವಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ತಾಯಿಯ ಜೊತೆ ಓಡುವ ಶಕ್ತಿ ಅದಕ್ಕಿಲ್ಲ. ಅದಕ್ಕೇ ತಾಯಿ ಅದನ್ನು ಮರೆಯಲ್ಲಿ ಮಲಗಿಸಿ ದೂರದಲ್ಲಿ ಮೇಯುತ್ತದೆ, ತನ್ನ ವಾಸನೆ ಹಿಡಿದು ಚಿರತೆ ಮರಿಯ ಬಳಿಗೆ ಬರಬಾರದೆಂದು. ಹಾಲೂಡಿಸಲು ಮಾತ್ರ ಬಂದು ಹೋಗುತ್ತದೆ. ಅಲುಗದೆ ಬಿದ್ದಿರುವುದೇ ಮರಿಗಿರುವ ಒಂದೇ ರಕ್ಷಣೆ. ನೀವು ಅಲ್ಲೇ ಸುತ್ತುತ್ತಿದ್ದರೆ ತಾಯಿ ಹತ್ತಿರ ಬರುವುದಿಲ್ಲ.

ಆದ್ದರಿಂದ ಹೀಗೆ ಮಾಡಿ. ಮುಟ್ಟಬೇಡಿ. ಆ ಸಾಲಿನ ಕೆಲಸ ಅಂದಿಗೆ ನಿಲ್ಲಿಸಿ, ಆಳುಗಳನ್ನು ಬೇರೆ ಕಡೆಗೆ ಹಚ್ಚಿ. ನಾಯಿಗಳನ್ನು ಕಟ್ಟಿಹಾಕಿ, ಊರಂಚಿನಲ್ಲಿ ಜಿಂಕೆ ಮರಿಗಳಿಗೆ ಅವುಗಳ ಕಾಟ ದೊಡ್ಡದು. ರಾತ್ರಿ ಕಳೆಯಲು ಬಿಡಿ, ಸಾಮಾನ್ಯವಾಗಿ ಬೆಳಗಾಗುವಷ್ಟರಲ್ಲಿ ತಾಯಿ ಕರೆದುಕೊಂಡು ಹೋಗಿರುತ್ತದೆ. ಮೈಮೇಲೆ ಗಾಯ ಕಂಡರೆ, ತಾಯಿ ಸತ್ತದ್ದನ್ನು ಕಣ್ಣಾರೆ ನೋಡಿದ್ದರೆ, ಅಥವಾ ಮಾರನೆ ದಿನವೂ ಮರಿ ಅಲ್ಲೇ ಬಿದ್ದು ಅರಚುತ್ತಿದ್ದರೆ ಹತ್ತಿರದ ಅರಣ್ಯ ವಲಯ ಕಚೇರಿಗೆ ತಿಳಿಸಿ, ಸಿಬ್ಬಂದಿ ಬರುವತನಕ ಜನ ಸೇರದಂತೆ ನೋಡಿಕೊಳ್ಳಿ. ಯಾರಾದರೂ ಅರಿಯದೆ ಈಗಾಗಲೇ ಎತ್ತಿ ತಂದಿದ್ದರೆ ಹಾಲು ಕುಡಿಸುವ ಮೊದಲು ಕಚೇರಿಗೆ ಫೋನ್ ಮಾಡಿ, ಅವರು ಹೇಳಿದರೆ ಎತ್ತಿದ ಜಾಗದಲ್ಲೇ ಮತ್ತೆ ಬಿಟ್ಟು ದೂರ ಸರಿಯಿರಿ. ಮನುಷ್ಯರ ವಾಸನೆ ತಗುಲಿದರೆ ತಾಯಿ ಸೇರಿಸುವುದೇ ಇಲ್ಲ ಎಂಬ ಭಯದಿಂದ ಮರಿಯನ್ನು ಮನೆಯಲ್ಲೇ ಉಳಿಸಿಕೊಳ್ಳಬೇಡಿ. ಬೇಗ ಬಿಟ್ಟಷ್ಟೂ ತಾಯಿ ಸಿಗುವ ಅವಕಾಶ ಹೆಚ್ಚು.